ಉಪ್ಪುಗಾಳಿಯ ಊರಿಗೆ ಎಂಥ ಚೂರಿ?

ಅಂಕೋಲೆಯ ಹಾಲಕ್ಕಿ ಸಮುದಾಯದ ಕೊಪ್ಪಗಳ ಹಿರಿಯರು ಮನೆಯಿಂದ ಹೊರಬೀಳುವಾಗ ಚಪ್ಪಲಿ ಮರೆತಾರು, ಕತ್ತಿ ಮರೆಯುವುದಿಲ್ಲ. ಸೊಂಟದ ಹಿಂಬದಿಗೆ ಕಟ್ಟಿದ ಕೊಕ್ಕೆ, ಆ ಕೊಕ್ಕೆಗೆ ಸಿಕ್ಕಿಸಿದ ಬಾಗಿದ ಮೂತಿಯ ಕತ್ತಿ. ಬೇಲಿಯ ಗೂಟ ಚೂಪು ಮಾಡಲಿಕ್ಕೆ, ಬೆಟ್ಟದಿಂದ ಸೊಪ್ಪು ತರಲಿಕ್ಕೆ, ಎಳನೀರು ಕೆತ್ತಲಿಕ್ಕೆ, ದಾರಿಗೆ ಅಡ್ಡ ಬಂದ ಬಳ್ಳಿ ಸವರಲಿಕ್ಕೆ ಎಲ್ಲಕ್ಕೂ ಅದೊಂದೇ. ಕೆಲಸ ಯಾವುದು ಎದುರಾಗುತ್ತದೋ ಗೊತ್ತಿಲ್ಲ, ಕತ್ತಿ ಇರಲಿ ಎಂಬ ಲೆಕ್ಕ.

ಈಗಿನ ಹುಡುಗರ ಲೆಕ್ಕವೂ ಅದೇ, ಕೊಕ್ಕೆಯ ಜಾಗಕ್ಕೆ ಪ್ಯಾಂಟಿನ ಕಿಸೆ ಬಂದಿದೆ ಅಷ್ಟೆ. ಮಡಚುವ ಚೂರಿ, ಬೆರಳುದ್ದದ ಟಾರ್ಚು, ಮುಚ್ಚಳ ಮೀಟುವ ಪುಟ್ಟ ಹಾರೆಯಂಥ ಪಟ್ಟಿ, ಕೀಲಿಗೊಂಚಲಿನ ಕ್ಲಿಪ್ಪು. ದಿನವೂ ಜತೆಗಿರುವ ಈ ಸರಂಜಾಮಿಗೆ ‘ಎವ್ರಿಡೇ ಕ್ಯಾರಿ’, ಚುಟುಕಾಗಿ ‘ಇಡಿಸಿ’ ಎಂದು ಹೆಸರು. ಅದರ ಜಾಹೀರಾತುಗಳಲ್ಲಿ ಪದೇ ಪದೇ ಕಣ್ಣಿಗೆ ಬೀಳುವ ಲೋಹ ಟೈಟೇನಿಯಂ. ತುಕ್ಕು ಹಿಡಿಯುವುದಿಲ್ಲ, ಹಗುರ, ಉಕ್ಕಿನಷ್ಟು ಗಟ್ಟಿ ಎನ್ನುವ ಮೂರು ಮಾತು ಎಲ್ಲ ಜಾಹೀರಾತಿನಲ್ಲೂ ಇರುತ್ತವೆ. ಮೊದಲ ಎರಡು ನಿಜ. ಮೂರನೆಯದು ಅರ್ಧ ನಿಜ, ಮತ್ತು ಚೂರಿ ಕೊಳ್ಳುವವನು ಮೋಸ ಹೋಗುವುದು ಆ ಅರ್ಧದಲ್ಲೇ.

ಅಂಕೋಲೆಯ ನೆರೆಯ ಕಾರವಾರದಲ್ಲಿ ತುಕ್ಕಿನ ಬಗ್ಗೆ ಯಾರಿಗೂ ಪಾಠ ಹೇಳಬೇಕಾಗಿಲ್ಲ. ಕಿಟಕಿಯ ಸರಳು, ಬೈಕಿನ ಚೈನು, ಗೇಟಿನ ಬಿಜಾಗರಿ ಎಲ್ಲವೂ ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಕೆಂಪಾಗಿರುತ್ತವೆ. ರವೀಂದ್ರನಾಥ ಟ್ಯಾಗೋರ್ ಕಡಲತೀರದಲ್ಲಿ ನಿಂತಿರುವ ‘ಚಪಲ್’ ಹಡಗನ್ನೇ ನೋಡಿ. 1976ರಲ್ಲಿ ನೌಕಾಪಡೆಗೆ ಸೇರಿ 2005ರಲ್ಲಿ ನಿವೃತ್ತಿಯಾದ ಕ್ಷಿಪಣಿ ದೋಣಿ ಅದು, ಈಗ ವಸ್ತುಸಂಗ್ರಹಾಲಯ. ಉಕ್ಕಿನ ಒಡಲು ಕಡಲಂಚಿನಲ್ಲಿ ನಿಂತಮೇಲೆ ಬಣ್ಣವೇ ಅದಕ್ಕೆ ಅಂಗಿ. ಅಂಗಿ ಹರಿದಲ್ಲಿ ಉಪ್ಪು ಒಳಗೆ ಇಳಿಯುತ್ತದೆ. ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಅದರ ಕ್ಲೋರೈಡ್ ಅಂಶವೇ ಉಕ್ಕಿನ ಶತ್ರು. 1930ರ ಏಪ್ರಿಲಿನಲ್ಲಿ ಉಪ್ಪಿನ ಸತ್ಯಾಗ್ರಹ ಮಾಡಿ ದೇಶದ ಕಣ್ಣಿಗೆ ಬಿದ್ದ ಊರು ಅಂಕೋಲೆ. ಆ ಉಪ್ಪೇ ಇಲ್ಲಿನ ಕತ್ತಿ, ಚೂರಿಗಳ ಆಯುಷ್ಯವನ್ನು ತಿನ್ನುತ್ತದೆ.

‘ಸ್ಟೇನ್‌ಲೆಸ್’ ಎಂಬ ಹೆಸರಿನ ಉಕ್ಕಿಗೂ ಇಲ್ಲಿ ಪೂರ್ತಿ ರಕ್ಷಣೆಯಿಲ್ಲ. ಅದರಲ್ಲಿರುವ ಕ್ರೋಮಿಯಂ ಮೇಲ್ಮೈಯಲ್ಲಿ ತೆಳುವಾದ ಪೊರೆ ಕಟ್ಟಿ ಕಾಯುತ್ತದೆ ನಿಜ. ಆದರೆ ಕ್ಲೋರೈಡ್ ಆ ಪೊರೆಯನ್ನು ಅಲ್ಲಲ್ಲಿ ಸೂಜಿಮೊನೆಯಷ್ಟು ಕೊರೆದು ಕೆಳಗಿಳಿಯುತ್ತದೆ. ಮೀನು ಕೊಯ್ದು ತೊಳೆಯದೆ ಇಟ್ಟ ಚೂರಿಯಲ್ಲಿ ಮರುದಿನ ಕಾಣುವ ಕಂದು ಚುಕ್ಕೆ ಅದೇ. ಟೈಟೇನಿಯಂ ಕೂಡ ಇಂಥದೇ ಪೊರೆಯ ಆಸರೆಯಲ್ಲಿ ಬದುಕುವ ಲೋಹ. ಅದರ ಆಕ್ಸೈಡ್ ಪೊರೆಯ ದಪ್ಪ ಕೆಲವೇ ನ್ಯಾನೋಮೀಟರ್. ಗೀರಿದರೆ ಆ ಕ್ಷಣದಲ್ಲೇ ಮತ್ತೆ ಕಟ್ಟಿಕೊಳ್ಳುತ್ತದೆ, ಮತ್ತು ನಮ್ಮ ಹವೆಯ ಬಿಸುಪಿನಲ್ಲಿ ಸಮುದ್ರದ ನೀರು ಅದನ್ನು ಕೊರೆಯಲಾರದು. ವರ್ಷಗಟ್ಟಲೆ ಉಪ್ಪುನೀರಿನಲ್ಲಿ ಬಿದ್ದಿದ್ದರೂ ಹೊಳಪು ಮಂಕಾದೀತು, ಮೈ ಸವೆಯದು.

ತುಕ್ಕಿಲ್ಲದ ಹಗುರ ಲೋಹ ಎಂದೇ ಅದು ಚೂರಿಗಿಂತ ದೊಡ್ಡ ಕೆಲಸಗಳಿಗೂ ಹೋಗಿದೆ. ಆರು ಸಾವಿರ ಮೀಟರ್ ಆಳಕ್ಕೆ ಮೂವರನ್ನು ಇಳಿಸಲು ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ ರೂಪಿಸುತ್ತಿರುವ ‘ಮತ್ಸ್ಯ 6000’ ವಾಹನದಲ್ಲಿ ಮನುಷ್ಯರು ಕೂರುವ ಗೋಳ ಟೈಟೇನಿಯಂ ಮಿಶ್ರಲೋಹದ್ದೇ. ವ್ಯಾಸ 2.1 ಮೀಟರ್, ಗೋಡೆಯ ದಪ್ಪ 80 ಮಿಲಿಮೀಟರ್. ಪಿಎಸ್ಎಲ್‌ವಿ ರಾಕೆಟ್ಟಿನ ನಾಲ್ಕನೇ ಹಂತದ ಇಂಧನ ತೊಟ್ಟಿಯೂ ಟೈಟೇನಿಯಂನದು. ಸೊಂಟದ ಕೀಲು ಬದಲಿಸಿಕೊಂಡ ಅಜ್ಜಿಯರ ಮೈಯೊಳಗೂ ಅದೇ ಜಾತಿಯ ಲೋಹವಿದೆ.

ಇಷ್ಟೆಲ್ಲ ಕೇಳಿದರೆ ಇದು ಭಾರಿ ಅಪರೂಪದ ವಸ್ತು ಎನಿಸಬಹುದು. ಹಾಗಲ್ಲ. ಭೂಮಿಯ ಹೊರಪದರದಲ್ಲಿ ಅತಿ ಹೆಚ್ಚಿರುವ ಧಾತುಗಳ ಪಟ್ಟಿಯಲ್ಲಿ ಅದು ಒಂಬತ್ತನೆಯದು. ಇದೇ ಪಶ್ಚಿಮ ಕರಾವಳಿಯ ಕೆಳತುದಿಯಲ್ಲಿ, ಕೇರಳದ ಚವರದ ಕಡಲ ಮರಳಿನಲ್ಲಿ, ಇಲ್ಮೆನೈಟ್ ಎಂಬ ಕಪ್ಪು ಅದಿರಿನ ರೂಪದಲ್ಲಿ ರಾಶಿ ಬಿದ್ದಿದೆ. ಅಗೆದದ್ದರಲ್ಲಿ ಬಹುಪಾಲು ಲೋಹವಾಗುವುದೇ ಇಲ್ಲ. ಗೋಡೆಗೆ ಬಳಿಯುವ ಬಿಳಿ ಬಣ್ಣದ ಪುಡಿಯಾಗಿ ಹೋಗುತ್ತದೆ. 1791ರಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲ್‌ನಲ್ಲಿ ವಿಲಿಯಂ ಗ್ರೆಗರ್ ಎಂಬ ಪಾದ್ರಿ ಮೊದಲು ಗುರುತಿಸಿದ್ದು ಕೂಡ ಇಂಥ ಕಪ್ಪು ಮರಳಿನಲ್ಲೇ. ಆಮೇಲೆ ಕ್ಲಾಪ್ರೋತ್ ಎಂಬ ಜರ್ಮನ್ ರಸಾಯನಶಾಸ್ತ್ರಜ್ಞ ಗ್ರೀಕ್ ಪುರಾಣದ ಟೈಟನ್ನರ ಹೆಸರಿಟ್ಟ.

ದುಬಾರಿಯಾಗುವುದು ಅದಿರಿನಿಂದ ಲೋಹ ಬಿಡಿಸುವಾಗ. ಕಬ್ಬಿಣದ ಹಾಗೆ ಇದ್ದಿಲಿನ ಜತೆ ಕುಲುಮೆಗೆ ಹಾಕಿ ಇಳಿಸುವಂತಿಲ್ಲ, ಇದ್ದಿಲಿನ ಜತೆಗೇ ಸೇರಿಕೊಂಡುಬಿಡುತ್ತದೆ. ಮೊದಲು ಕ್ಲೋರಿನ್ ಜತೆ ಸೇರಿಸಿ ದ್ರವ ಮಾಡಬೇಕು, ಆಮೇಲೆ ಗಾಳಿ ಸೋಕದ ಪಾತ್ರೆಯಲ್ಲಿ ಮೆಗ್ನೀಸಿಯಂ ಜತೆ ಕಾಯಿಸಿ ಕ್ಲೋರಿನ್ನನ್ನು ಕಸಿಯಬೇಕು. ಲಕ್ಸೆಂಬರ್ಗಿನ ವಿಲಿಯಂ ಕ್ರೋಲ್ 1930ರ ದಶಕದಲ್ಲಿ ಕಂಡುಹಿಡಿದ ಈ ದಾರಿಯೇ ಇಂದಿಗೂ ಮುಖ್ಯ ದಾರಿ. ಸಿಗುವುದು ತೂತು ತೂತಾದ ಬೂದು ಗಟ್ಟಿ, ಅದರ ಹೆಸರು ‘ಸ್ಪಂಜು’. ಹೈದರಾಬಾದಿನ ರಕ್ಷಣಾ ಲೋಹ ಸಂಶೋಧನಾ ಪ್ರಯೋಗಾಲಯದ ತಂತ್ರಜ್ಞಾನದಿಂದ ಚವರದಲ್ಲಿ ವರ್ಷಕ್ಕೆ 500 ಟನ್ ಸ್ಪಂಜು ತೆಗೆಯುವ ಘಟಕ 2011ರಲ್ಲಿ ಶುರುವಾಯಿತು. ಆ ಸ್ಪಂಜನ್ನು ನಿರ್ವಾತದಲ್ಲಿ ಕರಗಿಸಿ, ಅಚ್ಚು ಮಾಡಿ, ಬಡಿದು ತಗಡಾಗಿಸುವ ಹೊತ್ತಿಗೆ ಬೆಲೆ ಮೋಡ ಮುಟ್ಟಿರುತ್ತದೆ.

ಈಗ ಆ ಅರ್ಧ ನಿಜದ ವಿಷಯ.

‘ಗಟ್ಟಿ’ ಎಂಬ ಒಂದೇ ಮಾತಿನಲ್ಲಿ ನಾವು ಎರಡು ಗುಣಗಳನ್ನು ತುರುಕುತ್ತೇವೆ. ಎಳೆದರೆ ಹರಿಯದಿರುವುದು, ಬಗ್ಗಿಸಿದರೆ ಮುರಿಯದಿರುವುದು ಒಂದು, ಅದು ಬಲ. ಉಜ್ಜಿದರೆ ಸವೆಯದಿರುವುದು, ಒತ್ತಿದರೆ ಕುಳಿ ಬೀಳದಿರುವುದು ಇನ್ನೊಂದು, ಅದು ಗಡಸುತನ. ಟೈಟೇನಿಯಂಗೆ ಬಲ ಇದೆ. ಒಂದು ಘನ ಸೆಂಟಿಮೀಟರ್ ಉಕ್ಕು ಸುಮಾರು 7.8 ಗ್ರಾಂ ತೂಗಿದರೆ ಟೈಟೇನಿಯಂ 4.5 ಗ್ರಾಂ ಮಾತ್ರ, ಆದರೂ ಅದರ ಒಳ್ಳೆಯ ಮಿಶ್ರಲೋಹಗಳು ಎಳೆತದಲ್ಲಿ ಎಷ್ಟೋ ಉಕ್ಕುಗಳನ್ನು ಮೀರಿಸುತ್ತವೆ. ಚೂರಿಯ ಬಾಯಿಗೆ ಬೇಕಾದ್ದು ಮಾತ್ರ ಗಡಸುತನ. ಅದನ್ನು ರಾಕ್‌ವೆಲ್ ಎಂಬ ಅಳತೆಯಲ್ಲಿ ಹೇಳುತ್ತಾರೆ. ಒಳ್ಳೆಯ ಕಿಸೆಚೂರಿಯ ಅಲಗು 58ರಿಂದ 62, ಸ್ವಿಸ್ ಆರ್ಮಿ ಚೂರಿಯದು 56ರ ಸುತ್ತಮುತ್ತ. ಹೆಚ್ಚು ಬಳಕೆಯಲ್ಲಿರುವ ಟೈಟೇನಿಯಂ ಮಿಶ್ರಲೋಹ 36ರ ಹತ್ತಿರ ನಿಂತುಬಿಡುತ್ತದೆ. ಅಂಥ ಅಲಗನ್ನು ಸಾಣೆ ಹಿಡಿದು ಎಷ್ಟು ಹರಿತ ಮಾಡಿದರೂ ನಾಲ್ಕು ಬಂಗುಡೆ ಕೊಯ್ಯುವಷ್ಟರಲ್ಲಿ ಮೊಂಡು.

ಹಾಗಾಗಿ ಮಾರುಕಟ್ಟೆಯಲ್ಲಿ ‘ಟೈಟೇನಿಯಂ ಚೂರಿ’ ಎಂದು ಕರೆಸಿಕೊಳ್ಳುವವುಗಳಲ್ಲಿ ಹೆಚ್ಚಿನವುಗಳ ಹಿಡಿ ಮಾತ್ರ ಟೈಟೇನಿಯಂ, ಅಲಗು ಉಕ್ಕು. ಅದೇ ಸರಿಯಾದ ಜೋಡಿ ಕೂಡ. ದಕ್ಷಿಣ ಆಫ್ರಿಕಾದಿಂದ ಅಮೆರಿಕಕ್ಕೆ ಹೋಗಿ ನೆಲೆಸಿದ ಕ್ರಿಸ್ ರೀವ್ ಎಂಬ ಚೂರಿಗಾರ 1990ರ ದಶಕದ ಆರಂಭದಲ್ಲಿ ‘ಸೆಬೆಂಜಾ’ ಎಂಬ ಮಡಚುಚೂರಿ ತಂದ. ಜುಲು ಭಾಷೆಯಲ್ಲಿ ಆ ಮಾತಿಗೆ ಕೆಲಸ ಎಂದರ್ಥ. ಅದರಲ್ಲಿ ಹಿಡಿಯ ಒಂದು ಭಾಗವೇ ಸೀಳಿಕೊಂಡು ಸ್ಪ್ರಿಂಗಿನಂತೆ ಒಳಬಾಗಿ ಅಲಗಿನ ಬುಡಕ್ಕೆ ಒತ್ತಿ ಬೀಗವಾಗಿ ನಿಲ್ಲುತ್ತದೆ. ಟೈಟೇನಿಯಂ ಉಕ್ಕಿಗಿಂತ ಸುಮಾರು ಎರಡು ಪಟ್ಟು ಸುಲಭವಾಗಿ ಬಾಗಿ ಹಿಂದಕ್ಕೆ ಬರುವ ಲೋಹವಾದ್ದರಿಂದ ಈ ಉಪಾಯ ಫಲಿಸಿತು. ಇಂದು ಜಗತ್ತಿನ ದುಬಾರಿ ಮಡಚುಚೂರಿಗಳಲ್ಲಿ ಲೆಕ್ಕವಿಲ್ಲದಷ್ಟು ಈ ಮಾದರಿಯವು. ಒಂದು ತೊಡಕಿದೆ: ಟೈಟೇನಿಯಂ ಉಜ್ಜಿದಲ್ಲಿ ಕಚ್ಚಿಕೊಳ್ಳುವ ಜಾಯಮಾನದ್ದು. ಬೀಗದ ತುದಿ ಅಲಗಿಗೆ ತಾಗುವ ಜಾಗದಲ್ಲಿ ಅದು ಅಂಟಿ ಸವೆಯುತ್ತದೆ. ಒಳ್ಳೆಯ ತಯಾರಕರು ಅಲ್ಲೊಂದು ಉಕ್ಕಿನ ತುಂಡು ಕೂರಿಸಿರುತ್ತಾರೆ. ಕೊಳ್ಳುವಾಗ ಚೂರಿ ಬಿಚ್ಚಿ ಆ ಜಾಗವನ್ನೊಮ್ಮೆ ನೋಡಬೇಕು.

ಇನ್ನು ಯಾವ ಟೈಟೇನಿಯಂ ಎಂಬ ಪ್ರಶ್ನೆ. ಪೊಟ್ಟಣದ ಮೇಲೆ ‘ಗ್ರೇಡ್’ ಎಂದು ಒಂದು ಅಂಕಿ ಇರುತ್ತದೆ. ಅಂಕಿ ದೊಡ್ಡದಾದಷ್ಟೂ ಮಾಲು ಒಳ್ಳೆಯದು ಎಂದುಕೊಂಡರೆ ಕೆಟ್ಟಿರಿ. ಅದು ಬರೀ ಹೆಸರು. ಗ್ರೇಡ್ 2 ಎಂದರೆ ಹೆಚ್ಚುಕಡಿಮೆ ಶುದ್ಧ ಟೈಟೇನಿಯಂ. ಮೆತ್ತಗೆ, ಬಗ್ಗಿಸಿ ಒತ್ತಿ ಪಾತ್ರೆ ಮಾಡಬಹುದು. ಎಳೆತದ ಬಲ ಕನಿಷ್ಠ 345 ಮೆಗಾಪ್ಯಾಸ್ಕಲ್. ಚಹಾದ ಲೋಟ, ಚಮಚ, ಗುಳಿಗೆಡಬ್ಬಿ, ಸೀಟಿಗಳಿಗೆ ಇದು ಸಾಕು, ಇದೇ ಬೇಕು. ಮುಚ್ಚಳ ಮೀಟುವ ಪಟ್ಟಿಗೆ ಇದು ಬೇಡ, ಬಗ್ಗಿ ಕೂತುಬಿಡುತ್ತದೆ.

ಗ್ರೇಡ್ 5 ಈ ಲೋಕದ ರಾಜ. ನೂರು ಪಾಲಿನಲ್ಲಿ ಆರು ಪಾಲು ಅಲ್ಯೂಮಿನಿಯಂ, ನಾಲ್ಕು ಪಾಲು ವೆನೇಡಿಯಂ, ಉಳಿದದ್ದು ಟೈಟೇನಿಯಂ. ಎಳೆತದ ಬಲ ಕನಿಷ್ಠ 895 ಮೆಗಾಪ್ಯಾಸ್ಕಲ್, ಅಂದರೆ ಗ್ರೇಡ್ 2ರ ಎರಡೂವರೆ ಪಟ್ಟು. ಚೂರಿಯ ಹಿಡಿ, ಕಿಸೆಯ ಕ್ಲಿಪ್ಪು, ಮೀಟುಪಟ್ಟಿ, ಟಾರ್ಚಿನ ಮೈ, ಇವಕ್ಕೆಲ್ಲ ಇದಕ್ಕಿಂತ ಆಚೆ ಹುಡುಕಬೇಕಾದ್ದಿಲ್ಲ. ಕಾಳಿ, ಗಂಗಾವಳಿ ನದಿಗಳ ಅಳಿವೆಯಲ್ಲಿ ಬಂಡೆಗೆ ಕಚ್ಚಿಕೊಂಡ ಕಲ್ವ ಎಂಬ ಚಿಪ್ಪನ್ನು ಎಬ್ಬಿಸುವಂಥ ಕೆಲಸಕ್ಕೂ ಗ್ರೇಡ್ 5ರ ದಪ್ಪ ಪಟ್ಟಿ ಹೇಳಿ ಮಾಡಿಸಿದ ಹಾಗಿರುತ್ತದೆ: ಉಪ್ಪುನೀರು, ಕೆಸರು, ಮೀಟುವ ಬಲ ಮೂರಕ್ಕೂ ಒಗ್ಗುತ್ತದೆ, ಹರಿತದ ಹಂಗಿಲ್ಲ. ಆದರೂ ಒಂದು ಹಳೆಯ ಕಬ್ಬಿಣದ ಉಳಿ ಅದೇ ಕೆಲಸವನ್ನು ಎಷ್ಟೋ ಕಡಿಮೆ ಬೆಲೆಗೆ ಮಾಡುತ್ತದೆ ಎಂಬುದು ಅಳಿವೆಯ ಹೆಂಗಸರಿಗೆ ಚೆನ್ನಾಗಿ ಗೊತ್ತು.

ಇವೆರಡರ ನಡುವೆ ಗ್ರೇಡ್ 9 ಇದೆ, ಕೊಳವೆ ಎಳೆಯಲು ಹದವಾದದ್ದು. ಸೈಕಲ್ ಚೌಕಟ್ಟಿಗೆ ಹೋಗುತ್ತದೆ. ಗ್ರೇಡ್ 23 ಎಂದರೆ ಗ್ರೇಡ್ 5ರದೇ ಹೆಚ್ಚು ಶುದ್ಧ ರೂಪ, ವೈದ್ಯರದು. ಕೀಲಿಗೊಂಚಲಿನ ಮೇಲೆ ‘ಗ್ರೇಡ್ 23’ ಎಂದು ಕೆತ್ತಿ ಹೆಚ್ಚು ದುಡ್ಡು ಕೇಳಿದರೆ ಕೊಡುವ ಅಗತ್ಯವಿಲ್ಲ, ಕೀಲಿಗೊಂಚಲನ್ನು ಯಾರೂ ಮೂಳೆಗೆ ಕೂರಿಸುವುದಿಲ್ಲ.

ಅಲಗೂ ಟೈಟೇನಿಯಂನದೇ ಆಗಬೇಕು ಎನ್ನುವವರು ಇದ್ದಾರೆ, ಅವರಿಗೆ ಕಾರಣವೂ ಇದೆ. ಸಮುದ್ರದ ಸಿಡಿಗುಂಡುಗಳಲ್ಲಿ ಕೆಲವು ಕಾಂತಕ್ಷೇತ್ರದ ಏರುಪೇರಿಗೇ ಸಿಡಿಯುತ್ತವೆ. ಅವುಗಳನ್ನು ನಿಷ್ಕ್ರಿಯಗೊಳಿಸುವ ಮುಳುಗುಗಾರನ ಸೊಂಟದಲ್ಲಿ ಉಕ್ಕಿನ ಚೂರಿ ಇರಕೂಡದು. ಟೈಟೇನಿಯಂಗೆ ಅಯಸ್ಕಾಂತದ ಸೋಂಕಿಲ್ಲ. ಇಂಥವರಿಗಾಗಿ ‘ಬೀಟಾ’ ಎಂಬ ಬಗೆಯ ಮಿಶ್ರಲೋಹ ಬಳಸುತ್ತಾರೆ. ವೆನೇಡಿಯಂ, ಕ್ರೋಮಿಯಂ, ಮಾಲಿಬ್ಡಿನಂ ಹೆಚ್ಚು ಬೆರೆಸಿ, ಕಾಯಿಸಿ ಹದ ಕೊಟ್ಟರೆ ಗಡಸುತನ ನಲವತ್ತು ದಾಟುತ್ತದೆ. ಉಕ್ಕಿಗೆ ಇನ್ನೂ ಸಾಟಿಯಲ್ಲ. ಅದಕ್ಕೇ ಈ ಚೂರಿಗಳ ಬಾಯಿಗೆ ಗರಗಸದ ಹಲ್ಲು ಕೊಟ್ಟಿರುತ್ತಾರೆ. ಹಗ್ಗ, ನೈಲಾನ್ ಬಲೆಗಳನ್ನು ಹಲ್ಲು ಹರಿದುಹಾಕುತ್ತದೆ. ಬೈತಖೋಲ ಬಂದರಿನಿಂದ ಹೊರಡುವ ದೋಣಿಯಲ್ಲಿ ಪ್ರೊಪೆಲ್ಲರಿಗೆ ಬಲೆ ಸುತ್ತಿಕೊಂಡಾಗ ಇಳಿಯುವವನಿಗೆ ಅಂಥದೊಂದು ಇದ್ದರೆ ಲಾಭವೇ. ಮೀನು ಸೀಳಲು, ಕಾಯಿ ಹೆಚ್ಚಲು ಬಾರದು.

ಉಕ್ಕಿಗೆ ಸಾಟಿಯಾಗುವ ಒಂದು ಜಾತಿ ಮಾತ್ರ ಇದೆ, ಅದರ ಕಥೆ ಸ್ವಾರಸ್ಯವಾದದ್ದು. 1950ರ ದಶಕದ ಕೊನೆಯಲ್ಲಿ ಅಮೆರಿಕದ ನೌಕಾಪಡೆಯ ಶಸ್ತ್ರಾಸ್ತ್ರ ಪ್ರಯೋಗಾಲಯದಲ್ಲಿ ವಿಲಿಯಂ ಬ್ಯೂಲರ್ ಎಂಬಾತ ನಿಕ್ಕಲ್ ಮತ್ತು ಟೈಟೇನಿಯಂ ಕೂಡಿಸಿ ನೋಡುತ್ತಿದ್ದ. ತೂಕದಲ್ಲಿ 55 ಪಾಲು ನಿಕ್ಕಲ್ ಹಾಕಿದ್ದು, ಬಗ್ಗಿಸಿ ಬಿಸಿ ಮಾಡಿದರೆ ಹಳೆಯ ಆಕಾರಕ್ಕೆ ಮರಳುವ ‘ನಿಟಿನಾಲ್’ ಆಗಿ ಹೆಸರಾಯಿತು. ರಕ್ತನಾಳಗಳಿಗೆ ಹಾಕುವ ಕೆಲವು ಸ್ಟೆಂಟುಗಳಲ್ಲಿ, ಹಲ್ಲು ನೇರ್ಪಡಿಸುವ ತಂತಿಗಳಲ್ಲಿ ಇರುವುದು ಅದೇ. 60 ಪಾಲು ನಿಕ್ಕಲ್ ಹಾಕಿದ್ದು ಬೇರೆಯೇ ಸ್ವಭಾವದ್ದು. ಹದ ಕೊಟ್ಟರೆ ಗಡಸುತನ ಅರವತ್ತರ ಹತ್ತಿರ, ತುಕ್ಕಿಲ್ಲ, ಅಯಸ್ಕಾಂತಕ್ಕೆ ಅಂಟುವುದಿಲ್ಲ. ಕೊರೆಯಲು, ತಿದ್ದಲು ಮಹಾ ಕಷ್ಟವಾದ್ದರಿಂದ ದಶಕಗಟ್ಟಲೆ ಮೂಲೆಯಲ್ಲಿತ್ತು. ಈಗ ನಾಸಾ ಅದರಿಂದ ಬೇರಿಂಗ್ ಮಾಡಿಸಿದೆ, ಕೆಲವರು ಮುಳುಗುಚೂರಿಯನ್ನೂ ಮಾಡಿದ್ದಾರೆ. ಬೆಲೆ ಕೇಳಿದವರು ಮತ್ತೆ ಉಕ್ಕಿನ ಕಡೆಗೇ ತಿರುಗುತ್ತಾರೆ.

ಉಕ್ಕಿನ ಕಡೆಯೂ ಕಡಲಿಗೆ ಉತ್ತರವಿದೆ. ಚೂರಿಯ ಉಕ್ಕಿಗೆ ಗಡಸುತನ ಕೊಡುವುದು ಇಂಗಾಲ, ಆದರೆ ಅದೇ ಇಂಗಾಲ ಕ್ರೋಮಿಯಂ ಅನ್ನು ಕಟ್ಟಿಹಾಕಿ ತುಕ್ಕಿಗೆ ದಾರಿ ಬಿಡುತ್ತದೆ. ಇಂಗಾಲದ ಬಹುಪಾಲು ಕೆಲಸವನ್ನು ಸಾರಜನಕಕ್ಕೆ ವಹಿಸಿದ ಎಲ್‌ಸಿ-200-ಎನ್ ಎಂಬಂಥ ಉಕ್ಕುಗಳು ಉಪ್ಪುನೀರಿನಲ್ಲೂ ಕೆಡದೆ ನಿಲ್ಲುತ್ತವೆ. ಕಾರವಾರದ ಹವೆಗೆ ಗ್ರೇಡ್ 5ರ ಹಿಡಿ, ಸಾರಜನಕದ ಉಕ್ಕಿನ ಅಲಗು ಎನ್ನುವುದು ದುಡ್ಡಿದ್ದವರಿಗೆ ನಿಶ್ಚಿಂತೆಯ ಆಯ್ಕೆ.

ಆದರೆ ಸ್ಕ್ರೂ ಮರೆಯಬಾರದು. ಟೈಟೇನಿಯಂ ಹಿಡಿಯನ್ನು ಜೋಡಿಸಿದ ಸ್ಕ್ರೂ, ಒಳಗಿನ ಸಣ್ಣ ಗುಂಡುಗಳು ಹೆಚ್ಚಾಗಿ ಸಾಧಾರಣ ಉಕ್ಕಿನವು. ಎರಡು ಬೇರೆ ಲೋಹ ತಾಗಿಕೊಂಡಿದ್ದು ನಡುವೆ ಉಪ್ಪುನೀರು ಸೇರಿದರೆ ಅದೊಂದು ಪುಟ್ಟ ಬ್ಯಾಟರಿಯಾಗುತ್ತದೆ, ಬಡಪಾಯಿ ಲೋಹ ಬೇಗ ಕರಗುತ್ತದೆ. ಇಲ್ಲಿ ಬಡಪಾಯಿ ಯಾವಾಗಲೂ ಉಕ್ಕು ಅಥವಾ ಅಲ್ಯೂಮಿನಿಯಂ. ಹೊರಗೆ ಹಿಡಿ ಫಳಫಳ, ಒಳಗೆ ಸ್ಕ್ರೂ ಪುಡಿಪುಡಿ. ಸಮುದ್ರಕ್ಕೆ ಹೋಗಿಬಂದ ದಿನ ಚೂರಿ ಬಿಚ್ಚಿ ಸಿಹಿನೀರಿನಲ್ಲಿ ತೊಳೆದು, ಒರೆಸಿ, ಕೀಲಿಗೆ ಒಂದು ಹನಿ ಎಣ್ಣೆ ಬಿಡುವುದನ್ನು ಯಾವ ಗ್ರೇಡೂ ತಪ್ಪಿಸುವುದಿಲ್ಲ.

ನಕಲಿಯ ಕಾಟವೂ ಇದೆ. ಅಡುಗೆಮನೆಗೆ ಮಾರುವ ಬಂಗಾರದ ಬಣ್ಣದ ‘ಟೈಟೇನಿಯಂ’ ಚಾಕು ಎಷ್ಟೋ ಸಲ ಉಕ್ಕಿಗೆ ಟೈಟೇನಿಯಂ ನೈಟ್ರೈಡಿನ ತೆಳು ಲೇಪ ಮಾತ್ರ. ನೀಲಿ, ನೇರಳೆ ಬಣ್ಣದ ಹಿಡಿ ಕಂಡರೆ ಅದು ಬಣ್ಣ ಬಳಿದದ್ದಲ್ಲ. ದ್ರಾವಣದಲ್ಲಿ ಮುಳುಗಿಸಿ ವಿದ್ಯುತ್ ಹರಿಸಿದರೆ ಆಕ್ಸೈಡ್ ಪೊರೆ ದಪ್ಪಗಾಗಿ ಬೆಳಕನ್ನು ಒಡೆದು ತೋರಿಸುತ್ತದೆ, ಮಳೆನೀರಿನ ಮೇಲೆ ಬಿದ್ದ ಡೀಸೆಲ್ ಹಾಗೆ. ಕಿಸೆಯಲ್ಲಿ ನಾಣ್ಯದ ಜತೆ ತಿಕ್ಕಾಡಿದರೆ ಆ ಬಣ್ಣ ಹೋಗುತ್ತದೆ.

ಅಯಸ್ಕಾಂತ ಹಿಡಿದು ನೋಡಿದರೆ ಅಂಟಿದ್ದು ಟೈಟೇನಿಯಂ ಅಲ್ಲ ಎಂದು ಗೊತ್ತಾಗುತ್ತದೆ. ಅಂಟದ್ದು ಅಲ್ಯೂಮಿನಿಯಂ ಕೂಡ ಇರಬಹುದು. ನಿಖರವಾದದ್ದು ನೀರಿನ ಪರೀಕ್ಷೆ. ಅಕ್ಕಸಾಲಿಗರ ಬಳಿಯಿರುವಂಥ ಸೂಕ್ಷ್ಮ ತಕ್ಕಡಿಯಲ್ಲಿ ವಸ್ತುವಿನ ತೂಕ ನೋಡಿ. ಆಮೇಲೆ ಅದೇ ತಕ್ಕಡಿಯ ಮೇಲೆ ನೀರಿನ ಲೋಟ ಇಟ್ಟು ಸೊನ್ನೆಗೆ ತಂದು, ವಸ್ತುವನ್ನು ದಾರಕ್ಕೆ ಕಟ್ಟಿ ತಳ ಮುಟ್ಟದಂತೆ ಪೂರ್ತಿ ಮುಳುಗಿಸಿ. ತಕ್ಕಡಿ ತೋರಿಸುವ ಅಂಕಿಯಿಂದ ಮೊದಲ ತೂಕವನ್ನು ಭಾಗಿಸಿ. ಒಣಗಿದಾಗ 44 ಗ್ರಾಂ ಇದ್ದ ಪಟ್ಟಿ ನೀರಲ್ಲಿ 10 ಗ್ರಾಂ ತೋರಿಸಿದರೆ ಉತ್ತರ 4.4. ಅದು ಟೈಟೇನಿಯಂ. ಎಂಟರ ಹತ್ತಿರ ಬಂದರೆ ಉಕ್ಕು, 2.7 ಬಂದರೆ ಅಲ್ಯೂಮಿನಿಯಂ. ಅಲಗು ಹಿಡಿ ಬೆರೆತ ಇಡೀ ಚೂರಿಗೆ ಈ ಲೆಕ್ಕ ಕೂಡದು, ಒಂದೇ ಲೋಹದ ವಸ್ತುವಿಗೆ ಮಾತ್ರ.

ಟೈಟೇನಿಯಂ ತುಂಡೊಂದನ್ನು ಊರ ಆಚಾರಿಯ ಬಳಿ ಒಯ್ದು ‘ಇದನ್ನೊಂದು ಕತ್ತಿ ಮಾಡಿಕೊಡಿ’ ಎಂದರೆ? ಲಾರಿಯ ಸ್ಪ್ರಿಂಗ್ ಪ್ಲೇಟನ್ನು ಕಾಯಿಸಿ, ಬಡಿದು, ನೀರಿಗೆ ಅದ್ದಿ ಕತ್ತಿ ಮಾಡುವ ಕೈ ಅವರದು, ಆ ಉಕ್ಕಿನ ಹದ ಅವರಿಗೆ ಬಣ್ಣ ನೋಡಿಯೇ ತಿಳಿಯುತ್ತದೆ. ಟೈಟೇನಿಯಂ ಮಾತ್ರ ಕುಲುಮೆಯ ಕೆಂಪಿನಲ್ಲಿ ಗಾಳಿಯ ಆಮ್ಲಜನಕ, ಸಾರಜನಕಗಳನ್ನು ಕುಡಿದು ಮೈಮೇಲೆ ಬಿರುಕುಬಿಡುವ ಚಿಪ್ಪು ಕಟ್ಟಿಕೊಳ್ಳುತ್ತದೆ. ಸಾಣೆಚಕ್ರಕ್ಕೆ ಹಿಡಿದರೆ ಕಣ್ಣು ಕೋರೈಸುವ ಬಿಳಿ ಕಿಡಿ ಹಾರುತ್ತದೆ, ಅದರ ಪುಡಿ ರಾಶಿಯಾದರೆ ಬೆಂಕಿ ಹೊತ್ತಿಕೊಳ್ಳುತ್ತದೆ, ನೀರು ಹಾಕಿದರೆ ಇನ್ನೂ ಭುಗಿಲೇಳುತ್ತದೆ. ಸೊಪ್ಪು, ತೆಂಗು, ಬಿದಿರುಗಳ ಕತ್ತಿಗೆ ತೂಕವೂ ಬೇಕು; ಹಗುರ ಕತ್ತಿ ಕೈ ಸೋಲಿಸುತ್ತದೆ. ಕೊಕ್ಕೆಯ ಕತ್ತಿ ಉಕ್ಕಿನದೇ ಇರಲಿ, ದಿನಕ್ಕೊಮ್ಮೆ ತೆಂಗಿನೆಣ್ಣೆ ಸವರಿದರೆ ಮಗನ ಕಾಲಕ್ಕೂ ಬರುತ್ತದೆ.

ಹೊಸದೆಲ್ಲ ಟೈಟೇನಿಯಂ ಆಗಬೇಕಾಗಿಲ್ಲ ಎಂಬುದಕ್ಕೆ ಫೋನುಗಳೇ ಸಾಕ್ಷಿ. 2023ರಲ್ಲಿ ಐಫೋನ್ 15 ಪ್ರೊ ಗ್ರೇಡ್ 5ರ ಚೌಕಟ್ಟು ಹೊತ್ತು ಬಂತು. 2025ರ 17 ಪ್ರೊ ಮತ್ತೆ ಅಲ್ಯೂಮಿನಿಯಂಗೆ ಮರಳಿತು. ಒಂದು ಕಾರಣ ಬಿಸಿ: ಗ್ರೇಡ್ 5ಕ್ಕೆ ಹೋಲಿಸಿದರೆ ಅಲ್ಯೂಮಿನಿಯಂ ಮಿಶ್ರಲೋಹ ಇಪ್ಪತ್ತು ಪಟ್ಟಿಗೂ ಹೆಚ್ಚು ಚೆನ್ನಾಗಿ ಬಿಸಿಯನ್ನು ಹರಿಯಬಿಡುತ್ತದೆ. ಹೆಚ್ಚು ಪ್ರಖರವಾಗಿ ಉರಿಯುವ ಟಾರ್ಚು ಕೊಳ್ಳುವವರೂ ಇದನ್ನು ನೆನಪಿಡಬೇಕು: ಟೈಟೇನಿಯಂ ಟಾರ್ಚು ನೋಡಲು ಚೆಂದ, ಒಳಗಿನ ಬಿಸಿ ಹೊರಹೋಗಲು ಒದ್ದಾಡುತ್ತದೆ.

ಕೊನೆಗೆ ಕಾನೂನು. 2016ರ ಶಸ್ತ್ರಾಸ್ತ್ರ ನಿಯಮಗಳು ಒಂಬತ್ತು ಇಂಚಿಗಿಂತ ಉದ್ದ ಅಥವಾ ಎರಡು ಇಂಚಿಗಿಂತ ಅಗಲದ ಅಲಗನ್ನು ಆಯುಧಗಳ ಪಟ್ಟಿಗೆ ಸೇರಿಸುತ್ತವೆ. ಮನೆಬಳಕೆ, ಕೃಷಿ, ವಿಜ್ಞಾನ, ಕೈಗಾರಿಕೆಯ ಉಪಕರಣಗಳಿಗೆ ವಿನಾಯಿತಿಯಿದೆ. ಕಿಸೆಚೂರಿ ಈ ಅಳತೆಗೆ ಬಹಳ ಕೆಳಗೇ ಇರುತ್ತದೆ. ವಿಮಾನದ ಕೈಚೀಲಕ್ಕೆ ಮಾತ್ರ ಯಾವ ಚೂರಿಯೂ ಸಲ್ಲದು. ಕಾರವಾರ, ಅಂಕೋಲೆಗಳಿಂದ ಗೋವಾದ ವಿಮಾನ ನಿಲ್ದಾಣಕ್ಕೆ ಹೊರಡುವವರು ಕೀಲಿಗೊಂಚಲಿನ ಪುಟ್ಟ ಚೂರಿಯನ್ನು ಮನೆಯಲ್ಲೇ ಬಿಚ್ಚಿಟ್ಟು ಹೋಗುವುದು ಒಳ್ಳೆಯದು. ಟೈಟೇನಿಯಂ ಆದರೂ ಎಕ್ಸ್‌ರೇ ಪರದೆಯಲ್ಲಿ ಅಲಗು ಕಂಡೇ ಕಾಣುತ್ತದೆ.